ಗೂಬೆಬಂಡೆಯ ಬೆಟ್ಟಮ್ಮ

“ಇವನ್ನೆಲ್ಲ ಯಾಕಕ್ಕ ಕೂಡಿಟ್ಕಂಡಿದ್ದೆ?”

ಬಿಸ್ಕತ್ತಿನ ಡಬ್ಬದ ಮುಚ್ಚಳ ಕೈಯಲ್ಲಿ ಹಿಡಿದೇ ರಾಮಣ್ಣ ಕೇಳಿದ. ಹೊಲದ ಶೆಡ್ಡಿನೊಳಗೆ ಬೇರೆ ಯಾರೂ ಇರಲಿಲ್ಲ. ಉತ್ತರ ಹೇಳಬೇಕಾದವಳನ್ನು ಬೆಳಿಗ್ಗೆಯೇ ಎತ್ತಿಕೊಂಡು ಹೋಗಿ ಊರೊಳಗಿನ ಮನೆಯ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಹದಿನೇಳು ವರ್ಷದ ಮೇಲೆ ಬೆಟ್ಟಮ್ಮ ತಮ್ಮನ ಮನೆಯ ಅಂಗಳಕ್ಕೆ ಬಂದದ್ದು ಹಾಗೆ.

ಅವನು ಬಂದದ್ದು ಹೊದಿಸಲು ಒಂದು ಒಳ್ಳೆಯ ಸೀರೆ ಸಿಕ್ಕೀತೇ ನೋಡಲು. ಟ್ರಂಕಿನಲ್ಲಿ ಇದ್ದವು ಎರಡೇ ಸೀರೆ. ಅವುಗಳ ಅಡಿಯಲ್ಲಿ ಈ ಡಬ್ಬ. ಡಬ್ಬದ ತುಂಬ ಪುಟ್ಟ ಪುಟ್ಟ ಮೂಳೆಗಳು. ತೊಳೆದು, ಬಿಸಿಲಿಗೆ ಹರಡಿ, ಒಣಗಿಸಿ ಎತ್ತಿಟ್ಟಂತೆ ಬೆಳ್ಳಗಿದ್ದವು. ಕೆಲವಕ್ಕೆ ಹಲ್ಲುಗಳಿದ್ದವು. ರಾಮಣ್ಣ ಕೈ ಹಿಂದಕ್ಕೆ ಎಳೆದುಕೊಂಡ. ಮುಚ್ಚಿ ಎಸೆದುಬಿಡೋಣವೆಂದು ಬಾಗಿಲಿಗೆ ಬಂದರೆ, ಹೊಲದ ಬದುವಿನ ಮೇಲೆ ಒಬ್ಬರು ಕೊಡೆ ಊರಿಕೊಂಡು ಬರುತ್ತಿದ್ದರು.

ವರದರಾಜ ಮೇಷ್ಟ್ರು. ಊರು ಹೊಳೆನರಸೀಪುರ. ದುದ್ದದ ಹೈಸ್ಕೂಲಿನಲ್ಲಿ ಏಳು ವರ್ಷ ವಿಜ್ಞಾನ ಹೇಳಿ, ವರ್ಗವಾಗಿ ಚನ್ನರಾಯಪಟ್ಟಣಕ್ಕೆ ಹೋದವರು. ರಾಮಣ್ಣನ ಮಗಳು ರೂಪಶ್ರೀ ಬೆಳಿಗ್ಗೆ ಸ್ಕೂಲಿಗೆ ಫೋನು ಮಾಡಿದ್ದಳು.

“ಹೆಂಗಾಯ್ತು ರಾಮಣ್ಣ?”

“ಏನೇಳ್ಲಿ ಮೇಷ್ಟ್ರೆ. ರಾತ್ರಿ ಉಂಡು ಮಲಗವ್ಳೆ, ಬೆಳಗಾನ ಎದ್ದಿಲ್ಲ. ಹಾಲಿಗೆ ಬಂದೋರು ನೋಡಿದ್ರು.” ಡಬ್ಬವನ್ನು ಮುಂದೆ ಹಿಡಿದ. “ಇದೇನು ನೋಡಿ. ಮಾಟ ಗೀಟ ಏನಾರ ಕಲ್ತಿದ್ಲಾ ಅಂತ ನಂಗೆ ಭಯ ಆಗ್ತೈತೆ.”

ಮೇಷ್ಟ್ರು ಒಂದು ಮೂಳೆ ಎತ್ತಿ ಬೆಳಕಿಗೆ ಹಿಡಿದರು.

“ಮಾಟ ಅಲ್ಲಪ್ಪ. ಇಲಿ ದವಡೆ.”

“ಇಲಿದಾ?”

“ಬಂಡೆ ಮೇಲಿನ ಗೂಬೆ ತಿಂದು ಉಗುಳಿದ್ದು. ಯಾರಾದರೂ ಬಂದರೆ ತೋರಿಸಬೇಕು ಅಂತ ಇಟ್ಟುಕೊಂಡಿದ್ದರು.”

“ಯಾರು ಬತ್ತಾರೆ ಅಂತ?”

ಮೇಷ್ಟ್ರು ಮೂಳೆಯನ್ನು ಮೆತ್ತಗೆ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು.

*

ಅದು ತೊಂಬತ್ತೈದನೆಯ ಇಸವಿಯ ಮಾಘ ಮಾಸ. ಹೊಲದ ಅಂಚಿನ ಬಂಡೆಯ ಬುಡದಲ್ಲಿ ಕಲ್ಲಿಗೆ ಒರಗಿ ಕುಳಿತಿದ್ದ ಮೇಷ್ಟ್ರನ್ನು ಹುರುಳಿಕಾಳು ಬಡಿಯುತ್ತಿದ್ದ ಬೆಟ್ಟಮ್ಮ ಬಹಳ ಹೊತ್ತು ನೋಡಿದಳು. ಕೊನೆಗೆ ಕೇಳಿದಳು.

“ಏನ್ ಕಳ್ಕಂಡ್ರಿ ಸಾ?”

“ಏನೂ ಇಲ್ಲಮ್ಮ. ಗೂಬೆ ನೋಡ್ತಿದ್ದೀನಿ.”

“ಅದ್ನ ನೋಡಕ್ಕೆ ಬಸ್ಸಿಗೆ ಕಾಸು ಕೊಟ್ಟು ಬಂದ್ರಾ!” ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. “ಅಲ್ಲಿಲ್ಲ ಅದು. ಆ ಸೀಳಿನ ಪಕ್ಕ, ಕಳ್ಳಿ ಐತಲ್ಲ, ಅದರ ಮಗ್ಗುಲಿಗೆ. ಕಲ್ಲಿನ ಬಣ್ಣನೇ ಅದರ ಬಣ್ಣ. ಕಣ್ಣು ಬಿಟ್ರೇನೆ ಕಾಣೋದು.”

ಕಣ್ಣು ಬಿಟ್ಟಿತು. ಕಿತ್ತಳೆ ಬಣ್ಣದ ಎರಡು ಕಣ್ಣು, ಅದರ ಮೇಲೆ ಕೊಂಬಿನ ಹಾಗೆ ಎದ್ದ ಎರಡು ಗರಿಗೊಂಚಲು. ಮಡಿಲ ಕೂಸಿನಷ್ಟು ದೊಡ್ಡ ಹಕ್ಕಿ.

ಅಂದಿನಿಂದ ಮೇಷ್ಟ್ರು ವಾರಕ್ಕೊಮ್ಮೆ ಬಂದರು. ಅವರು ಪುಸ್ತಕದಲ್ಲಿ ಓದಿದ್ದನ್ನು ಅವಳು ಕಣ್ಣಲ್ಲಿ ಕಂಡಿದ್ದಳು. ಈ ಗೂಬೆ ಕಡ್ಡಿ ಕಸ ತಂದು ಗೂಡು ಕಟ್ಟುವುದಿಲ್ಲ, ಬರೀ ಬಂಡೆಯ ಮೆಟ್ಟಿಲ ಮೇಲೆ ಮೊಟ್ಟೆ ಇಡುತ್ತದೆ. ಹೆಣ್ಣೇ ದೊಡ್ಡದು. ಹೆಣ್ಣು ಕಾವಿಗೆ ಕೂತರೆ ಗಂಡು ಎದುರಿನ ಗುಂಡುಕಲ್ಲಿನ ಮೇಲೆ ನಿಂತು ಕಾಯುತ್ತದೆ. ತಲೆಯ ಮೇಲೆಯೇ ಹಾರಿ ಹೋದರೂ ರೆಕ್ಕೆಯ ಸದ್ದು ಕೇಳಿಸದು. ಸೂರ್ಯ ಮುಳುಗಿದ ಮೇಲೆ ಒಂದು ಸಲ, ಗಂಟಲಿನ ಬಿಳಿ ಮಚ್ಚೆ ಉಬ್ಬಿಸಿ, ‘ಬೂ… ಬೂ’ ಎನ್ನುತ್ತದೆ. ಮೊದಲ ಸ್ವರ ಗಿಡ್ಡ, ಎರಡನೆಯದು ಉದ್ದ. ಹೊಳೆನರಸೀಪುರದ ಮನೆಯಲ್ಲಿ ತಾತ ಸಂಜೆ ದೇವರ ಮುಂದೆ ಪದ್ಯ ಓದುತ್ತಿದ್ದಾಗ ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಕೇಳುವವರ ಎದೆಗೆ ಇಳಿಯಲೆಂದು ಸುಮ್ಮನಾಗುತ್ತಿದ್ದುದು ಮೇಷ್ಟ್ರಿಗೆ ನೆನಪಾಗುತ್ತಿತ್ತು.

“ಅದೂ ದೇವರ ಮುಂದೆ ಹಾಡ್ಕಂತದೆ ಮೇಷ್ಟ್ರೆ,” ಎಂದಿದ್ದಳು ಅದನ್ನು ಕೇಳಿದ ಬೆಟ್ಟಮ್ಮ. “ಕೇಳೋರು ಯಾರೂ ಇಲ್ಲ, ಅಷ್ಟೇಯ.”

ಒಂದು ದಿನ ಮೇಷ್ಟ್ರು ಬಂಡೆಯ ಕೆಳಗೆ ಬಿದ್ದಿದ್ದ ಬೂದು ಬಣ್ಣದ ಉಂಡೆಯೊಂದನ್ನು ಬಿಡಿಸಿ ತೋರಿಸಿದರು. ಕೂದಲಿನ ನಡುವೆ ಮೂಳೆಗಳು.

“ಜೀರ್ಣವಾಗದ್ದನ್ನ ಹೀಗೆ ಉಗುಳುತ್ತೆ. ಇದು ಇಲಿ. ಇದೂ ಇಲಿ. ಇದು ಹೆಗ್ಗಣ ಇರಬೇಕು.”

“ಬರೀ ಇಲೀನೇನಾ?”

“ಹೆಚ್ಚಾಗಿ ಇಲಿಯೇ. ಇಲಿ ಎಲ್ಲಿದ್ದರೆ ಅಲ್ಲಿಗೆ ಹೋಗುತ್ತೆ.”

ಬೆಟ್ಟಮ್ಮನ ಕೈಯಲ್ಲಿದ್ದ ಮೊರ ನಿಂತಿತು.

“ಮನೆ ಮ್ಯಾಕೂ ಬತ್ತದಾ?”

“ಹಿತ್ತಲಲ್ಲಿ ಇಲಿ ಇದ್ದರೆ ಯಾಕೆ ಬರಲ್ಲ?”

ಅವಳು ಮೊರವನ್ನು ಕೆಳಗಿಟ್ಟಳು. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಅರಕಲಗೂಡಿನ ಆಚೆ ಅವಳನ್ನು ಕೊಟ್ಟಿದ್ದರು. ಮದುವೆಯಾದ ಮೂರನೆಯ ತಿಂಗಳಿಗೆ ಅತ್ತೆಮನೆಯ ಮೇಲೆ ದೊಡ್ಡ ಗೂಬೆ ಬಂದು ಕೂತಿತು. ಮರುದಿನ ಮಾವ ಸತ್ತ. ಗೂಬೆ ಕೂತ ಮನೆಯಲ್ಲಿ ಇರಬಾರದೆಂದು ಮೂರು ತಿಂಗಳು ಬೀಗ ಹಾಕಿದರು. ಮನೆ ತೆಗೆದ ಮೇಲೆ ಕರೆಸಿಕೊಳ್ಳುತ್ತೇವೆ ಎಂದು ಹೊಸ ಸೊಸೆಯನ್ನು ತವರಿಗೆ ಕಳಿಸಿದರು. ಮನೆ ತೆಗೆದರು, ಸುಣ್ಣ ಹೊಡೆದರು, ಶಾಂತಿ ಮಾಡಿಸಿದರು. ಕರೆಯಲು ಬರಲಿಲ್ಲ.

“ಇತ್ಲಲ್ಲಿ ರಾಗಿ ಮೆದೆ ಇತ್ತು ಮೇಷ್ಟ್ರೆ. ಇಲಿ ಅಂದ್ರೆ ಇಲಿ! ಮೆದೆ ಕಿತ್ತಾಗ ಕಾಲ ಮೇಲೇ ಓಡಾಡ್ತಿದ್ವು.” ಅಂಗೈಯ ಮೇಲಿನ ದವಡೆಯನ್ನು ತಿರುಗಿಸಿ ನೋಡಿದಳು. “ಅಂಗಾರೆ ಅವತ್ತು ಅದು ಇಲಿಗೆ ಬಂದಿತ್ತಾ?”

ಅವಳು ಎದ್ದು ಪೊರಕೆ ತೆಗೆದುಕೊಂಡು, ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸಿದಳು.

*

“ಗಂಡನ ಮನೆಯೋರಿಗೆ ತೋರಿಸೋಕಾ?” ಮೇಷ್ಟ್ರು ಹೇಳಿದ್ದನ್ನು ಕೇಳಿ ರಾಮಣ್ಣ ಡಬ್ಬದ ಕಡೆ ನೋಡಿದ. “ಅಲ್ಲಿಗೂ ಹೇಳಿ ಕಳಿಸಿದೀನಿ. ಯಾರೂ ಬಂದಿಲ್ಲ.”

ಶೆಡ್ಡಿನ ಗೋಡೆಗೆ ಕೈ ಊರಿ ನಿಂತ. ಈ ಗೋಡೆ ಅವನೇ ಕಟ್ಟಿದ್ದು. ಅವನ ಹೆಂಡತಿಯ ಮೊದಲ ಬಸಿರು ನಿಲ್ಲದೆ ಹೋದಾಗ ಊರು ಅಕ್ಕನ ಕಡೆ ನೋಡಿತ್ತು. ಎರಡನೆಯದಕ್ಕೆ ಮೂರು ತಿಂಗಳು ತುಂಬಿದ ದಿನ, ಹೊಲದ ಕಾವಲಿಗೆ ಒಬ್ಬರು ಬೇಕು ಎಂದು ಅವನೇ ಅಕ್ಕನಿಗೆ ಹೇಳಿದ್ದ. ಅವಳು ಕಾರಣ ಕೇಳಿರಲಿಲ್ಲ. ಹಾಸಿಗೆ ಸುತ್ತಿಕೊಂಡು ಬಂದಿದ್ದಳು.

“ರಾಮಣ್ಣ, ಒಂದು ಮಾತು. ಗುಂಡಿ ಎಲ್ಲಿ ತೆಗೆಸ್ತಿದ್ದೀಯ?”

“ಇಲ್ಲೇಯ. ಬಂಡೆ ಕೆಳಗೆ. ನಮ್ಮ ಅಪ್ಪ ಅವ್ವ ಇಬ್ಬರೂ ಅಲ್ಲೇ ಅವ್ರೆ.”

“ತಮಟೆ ಇದೆಯಾ?”

“ಇಲ್ದೆ? ದ್ಯಾವಯ್ಯಂಗೆ ಹೇಳಿದೀನಿ. ಪಟಾಕಿನೂ ತರಿಸಿದೀನಿ.”

ಮೇಷ್ಟ್ರು ಕೊಡೆಯನ್ನು ಗೋಡೆಗೆ ಒರಗಿಸಿದರು. “ತೊಂಬತ್ತೆಂಟರಲ್ಲಿ ಊರವರು ಗದ್ದಲ ಮಾಡಿ ಓಡಿಸಿದ ಮೇಲೆ ಆರು ವರ್ಷ ಆ ಜೋಡಿ ಇಲ್ಲಿ ಮೊಟ್ಟೆ ಇಡಲಿಲ್ಲ. ಈ ವರ್ಷ ಇಟ್ಟಿದೆ. ಶಿವರಾತ್ರಿಗೆ ಬಂದಾಗ ನಿಮ್ಮಕ್ಕ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಮೂರು. ಇನ್ನು ನಾಲ್ಕೈದು ದಿನಕ್ಕೆ ಒಡೆಯುತ್ತೆ. ತಾಯಿ ಈಗ ಎದ್ದು ಹೋದರೆ ತಣ್ಣಗಾಗಿಬಿಡುತ್ತೆ. ಸದ್ದಿಲ್ಲದೆ ಮಾಡಿಬಿಡಪ್ಪ.”

ರಾಮಣ್ಣ ತಲೆ ಅಲ್ಲಾಡಿಸಿದ.

“ಮೇಷ್ಟ್ರೆ, ಪಟಾಕಿ ಬುಡಾನ. ನಿಮ್ಮ ಮಾತಿಗೆ ಅಷ್ಟು. ತಮಟೆ ಇಲ್ದೆ ಎತ್ತಾಕಿಲ್ಲ. ದಿಕ್ಕಿಲ್ದೋರ ಹೆಣನ ಅಂಗೆ ಎತ್ತೋದು. ಬದುಕಿದ್ದಾಗ ಅವಳ ಹಿಂದೆ ನಾಕು ಜನ ನಡೀಲಿಲ್ಲ. ನಾನೂ ನಡೀಲಿಲ್ಲ. ಇವತ್ತು ಊರು ನಡೀಲಿ. ರಾಮಣ್ಣನ ಅಕ್ಕ ಹೋದ್ಲು ಅಂತ ನಾಕೂರಿಗೆ ಕೇಳ್ಲಿ.”

“ಲಕ್ಷ್ಮೀದೇವಿಯ ವಾಹನ ಅಂತಾರೆ ಗೂಬೇನ…”

“ಅದು ನಿಮ್ಮ ಮನೆ ಪೂಜೆಯಾಗೆ ಮೇಷ್ಟ್ರೆ. ನಮ್ಮೂರಾಗೆ ಅದು ಗೂಬೇನೇ.”

ಸೀರೆ ತೆಗೆದುಕೊಂಡು ಅವನು ನಡೆದ. ಡಬ್ಬ ಮೇಷ್ಟ್ರ ಕೈಯಲ್ಲಿ ಉಳಿಯಿತು.

*

ಅಂಗಳದಲ್ಲಿ ಜನ ಸೇರಿದ್ದರು. ಬದುಕಿದ್ದವಳನ್ನು ಕಂಡರೆ ದಾರಿ ಬದಲಿಸುತ್ತಿದ್ದವರು ಈಗ ಅವಳ ಕಾಲಿಗೆ ನಮಸ್ಕಾರ ಮಾಡಿ ಪಕ್ಕಕ್ಕೆ ನಿಲ್ಲುತ್ತಿದ್ದರು.

“ಏನ್ ಮೊಕ ನೋಡು, ಹಸುಗೂಸು ಇದ್ದಂಗದೆ,” ಎಂದು ಯಾರೋ ಕಣ್ಣೊರೆಸಿಕೊಂಡರು.

ಬೆಟ್ಟಮ್ಮನ ಹಣೆಗೆ ಕುಂಕುಮ ಇಡುತ್ತಿದ್ದ ಪಕ್ಕದ ಮನೆಯ ನಂಜಮ್ಮ ತಲೆ ಎತ್ತಲಿಲ್ಲ. “ಈಗ ಕಂಡ್ತಾ ಮೊಕ? ನಿನ್ನ ಮಗಳ ಮದುವೆಗೆ ಇವಳು ಚಪ್ಪರದ ಆಚೆ ನಿಂತ್ಕಂಡು ಅಕ್ಕಿ ಎರಚಿ ಹೋದ್ಲಲ್ಲ, ಆಗ ಯಾರ ಮೊಕ ನೋಡ್ತಿದ್ದೆ?”

“ಸಾವಿನ ಮನೇಲೂ ಬಾಯಿ ಸುಮ್ಮಗಿರಲ್ವಲ್ಲ ನಂಜಕ್ಕ ನಿಂದು.”

“ಸುಮ್ಮಗಿದ್ದೂ ಇದ್ದೂ ಇವಳು ಹೋದ್ಲು. ನಾನಾದ್ರೂ ಮಾತಾಡಾನ ಬುಡು.”

ಬೀದಿಯ ಅಂಚಿನಲ್ಲಿ ದ್ಯಾವಯ್ಯ ಹುಲ್ಲು ಉರಿಸಿ ತಮಟೆಯನ್ನು ಕಾಯಿಸುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ಜೊತೆಗೆ ಬಾರಿಸುವವರು ಇನ್ನೊಂದು ಸಾವಿಗೆ ಹೋಗಿದ್ದರಿಂದ ಒಬ್ಬನೇ ಬಂದಿದ್ದ. ತೊಗಲನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಮತ್ತೆ ಉರಿಗೆ ಹಿಡಿದ. ಎಷ್ಟು ಕಾಯಿಸಿದರೂ ಅವನಿಗೆ ಸಮಾಧಾನವಾದಂತಿರಲಿಲ್ಲ.

ಚಟ್ಟ ಎತ್ತಿದರು. ತಮಟೆ ಮೊದಲ ಏಟಿಗೇ ಬೀದಿಯನ್ನು ತುಂಬಿತು. ರಾಮಣ್ಣ ಮಡಕೆ ಹಿಡಿದು ಮುಂದೆ ನಡೆದ. ಮನೆ ಮನೆಯಿಂದ ಜನ ಹೊರಬಂದು ಹಿಂದೆ ಸೇರಿಕೊಂಡರು. ಹೊಲದ ದಾರಿ ಹಿಡಿಯುವ ಹೊತ್ತಿಗೆ ತಿರುಗಿ ನೋಡಿದ ರಾಮಣ್ಣನಿಗೆ ಸಾಲಿನ ಕೊನೆ ಕಾಣಲಿಲ್ಲ. ಅವನ ಕಣ್ಣಲ್ಲಿ ನೀರು ಬಂದದ್ದು ಆಗಲೇ.

ಮೇಷ್ಟ್ರು ಸಾಲಿನ ಕೊನೆಯಲ್ಲಿ ಡಬ್ಬ ಹಿಡಿದು ಬರುತ್ತಿದ್ದರು. ದೂರದಲ್ಲಿ ಬಂಡೆ ಕಾಣಿಸಿತು.

*

ತೊಂಬತ್ತೆಂಟರಲ್ಲಿ ಊರಿನಲ್ಲಿ ಜ್ವರ ಬಂದು ಒಂದೇ ವಾರದಲ್ಲಿ ಎರಡು ಕೂಸು ಹೋಗಿದ್ದವು. ಗೂಬೆ ಕೂಗುವುದು ನಿಲ್ಲಬೇಕೆಂದು ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನವಾಯಿತು. ಬೆಳಿಗ್ಗೆಯಿಂದ ಬಂಡೆಯ ಕೆಳಗೆ ದ್ಯಾವಯ್ಯ ತಮಟೆ ಬಾರಿಸಿದ. ಜನ ಕಲ್ಲು ಬೀರಿದರು. ಬೆಟ್ಟಮ್ಮ ಎರಡು ಸಲ ಅಡ್ಡ ಬಂದಳು, ಎರಡು ಸಲವೂ ಹೆಂಗಸರು ಎಳೆದು ಕೂರಿಸಿದರು. ಗುಂಪಿನ ಹಿಂದೆ ನಿಂತಿದ್ದ ರಾಮಣ್ಣ ನೆಲ ನೋಡುತ್ತಿದ್ದ.

ಮಧ್ಯಾಹ್ನದ ಉರಿಬಿಸಿಲಿನಲ್ಲಿ ತಾಯಿಗೂಬೆ ಎದ್ದು ಹಾರಿತು. ಹಗಲಿನ ಬೆಳಕಿನಲ್ಲಿ ಅದು ಎಷ್ಟು ದೊಡ್ಡದೆಂದು ಊರು ಅಂದೇ ನೋಡಿದ್ದು. ಹತ್ತಿಪ್ಪತ್ತು ಕಾಗೆಗಳು ಕುಕ್ಕುತ್ತ ಅಟ್ಟಿಸಿಕೊಂಡು ಹೋದವು. ಜನ ಕೈ ತಟ್ಟಿ ಊಟಕ್ಕೆ ಹೋದರು.

ದ್ಯಾವಯ್ಯ ತಮಟೆಯನ್ನು ಪಕ್ಕಕ್ಕಿಟ್ಟುಕೊಂಡು ಒಬ್ಬನೇ ಉಳಿದಿದ್ದ. ಸಂಜೆಯವರೆಗೂ ಹಕ್ಕಿ ಬಾರದಂತೆ ಕಾಯಲು ಹೇಳಿದ್ದರು. ಬಿಸಿಲು ಇಳಿದ ಮೇಲೆ ಬೆಟ್ಟಮ್ಮ ಮಂಡಿ ಊರಿ, ಕೈ ಊರಿ ಬಂಡೆ ಹತ್ತಿ, ಸೀಳಿನ ನೆರಳಿಗೆ ಕೈ ಚಾಚಿದಳು. ಇಳಿದು ಬಂದಾಗ ಸೆರಗಿನಲ್ಲಿ ಏನೋ ಇತ್ತು. ನೆಟ್ಟಗೆ ಅವನ ಮುಂದೆ ಬಂದು ನಿಂತಳು.

“ಕೈ ಕೊಡು.”

ಅವನು ಹಿಂದೆ ಸರಿದ. “ಗೌಡ್ರು ಏಳಿದ್ರು ಕಣವ್ವ… ನಾನೇನ್ ಮಾಡ್ಲಿ…”

“ನಂಗೊತ್ತು ಕಣಪ್ಪ. ಬಾರ್ಸು ಅಂದ್ರು, ಬಾರ್ಸ್ದೆ. ನಿನ್ನ ಬೈಯಾಕೆ ಬಂದಿಲ್ಲ. ಕೈ ಕೊಡು.”

ಅವನ ಎರಡು ಅಂಗೈ ಮೇಲೆ ಎರಡು ಮೊಟ್ಟೆ ಇಟ್ಟಳು. ಬೆಳ್ಳಗೆ, ದುಂಡಗೆ ಇದ್ದವು. ದಿನವಿಡೀ ತಮಟೆ ಬಾರಿಸಿ ಕಾದಿದ್ದ ಅವನ ಕೈಗೆ ಅವು ಹೊಳೆಯ ಕಲ್ಲಿನ ಹಾಗೆ ತಣ್ಣಗೆ ತಾಗಿದವು.

ಬೆಟ್ಟಮ್ಮ ಮೊಟ್ಟೆಗಳನ್ನು ತಿರುಗಿ ಸೆರಗಿಗೆ ತೆಗೆದುಕೊಂಡು ಹೋದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಅವನೂ ಹೇಳಲಿಲ್ಲ.

*

ಹೊಲದ ದಾರಿ ಬಂಡೆಯ ಕಡೆ ತಿರುಗುವಲ್ಲಿ ಒಂದು ಹೊಂಗೆಮರ, ಮರದ ಕೆಳಗೆ ಬಂಡೆಯಲ್ಲೇ ಕೊರೆದಂತಿರುವ ಒಂದು ನೀರಿನ ದೊಣೆ. ಹೆಣ ಹೊತ್ತವರು ಅಲ್ಲಿ ಚಟ್ಟ ಇಳಿಸಿ ಭುಜ ಬದಲಿಸಿದರು. ಅಲ್ಲಿಂದ ಗುಂಡಿಗೆ ಇನ್ನೂರು ಹೆಜ್ಜೆ. ಕಳ್ಳಿಯ ಮಗ್ಗುಲಲ್ಲಿ, ಕಲ್ಲಿನ ಬಣ್ಣದೊಳಗೆ, ಎರಡು ಕೊಂಬು ನೆಟ್ಟಗೆ ನಿಂತಿದ್ದವು. ಗುರುತು ಹತ್ತಿದ್ದು ಮೇಷ್ಟ್ರಿಗೆ ಮಾತ್ರ. ಅವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು.

ತಮಟೆ ನಿಂತಿತ್ತು.

“ತೊಗಲಿನ ಬಿಗಿ ಇಳೀತಾ?” ರಾಮಣ್ಣನೇ ಮಡಕೆಯನ್ನು ಕೆಳಗಿಟ್ಟು, ಬದುವಿನ ಒಣಹುಲ್ಲು ಕಿತ್ತು ತಂದು, ಕಡ್ಡಿ ಗೀರಿ ಹಚ್ಚಿದ. “ಬಾ, ಕಾಯಿಸ್ಕೊ. ಇನ್ನೇನು ಇಷ್ಟೇ ದೂರ. ಚೆನ್ನಾಗಿ ಬಾರ್ಸ್‌ಬುಡು.”

ದ್ಯಾವಯ್ಯ ಉರಿಯ ಹತ್ತಿರ ಬರಲಿಲ್ಲ. ಕಣ್ಣೆತ್ತಿ ಬಂಡೆಯ ಕಡೆ ನೋಡಿದ. ಕಳ್ಳಿಯ ಮಗ್ಗುಲಲ್ಲಿ ಎರಡು ಕಿತ್ತಳೆ ಕಣ್ಣು ತೆರೆದಿದ್ದವು. ಚಟ್ಟದ ಮೇಲಿನ ಮುಖ ನೋಡಿದ. ಮೆಲ್ಲಗೆ ದೊಣೆಯ ಅಂಚಿಗೆ ಹೋಗಿ, ಕೂತು, ತಮಟೆಯನ್ನು ಮಗುಚಿ ನೀರಿನೊಳಗೆ ಅದ್ದಿದ.

“ಲೇ! ಏನ್ಲಾ ಮಾಡ್ದೆ!”

ಗುಂಪು ಗುಜುಗುಜು ಎಂದಿತು. ಯಾರೋ “ಕುಡ್ದವ್ನೆ” ಎಂದರು. ಅವನು ಕುಡಿದಿರಲಿಲ್ಲ. ತೊಗಲು ಪೂರ್ತಿ ನೆನೆಯುವವರೆಗೆ, ಕೂಸಿಗೆ ನೀರು ಹಾಕುವವರ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ರಾಮಣ್ಣ ಅವನ ಮುಂದೆ ಬಂದು ನಿಂತ. ಕೋಪದಿಂದ ಎತ್ತಿದ ಕೈ ಅರ್ಧದಲ್ಲೇ ನಿಂತು ಇನ್ನೊಂದು ಕೈಯನ್ನು ಸೇರಿಕೊಂಡಿತು. ಊರೆಲ್ಲ ನೋಡುತ್ತಿತ್ತು.

“ಕೈ ಮುಗೀತೀನಿ ಕಣೋ ದ್ಯಾವಯ್ಯ. ಅವಳಿಗೆ ನಾನು ಇದೊಂದನ್ನಾರ ಮಾಡ್ಬೇಕು. ಒರೆಸಿ ಕಾಯ್ಸು. ನಾಕೇ ಏಟು. ಬಾರ್ಸು.”

ದ್ಯಾವಯ್ಯ ಎದ್ದು ನಿಂತ. ನೆಂದ ತಮಟೆಯಿಂದ ನೀರು ತೊಟ್ಟಿಕ್ಕಿ ಹುಲ್ಲಿನ ಉರಿಯ ಮೇಲೆ ಚುಯ್ ಎಂದಿತು.

“ಬಾರ್ಸಾಕಿಲ್ಲ ಗೌಡ್ರೆ.”