ಸಾವಕಾರನ ಭಾನುವಾರಗಳು

ಲಗ್ಗೆರೆಯ ನಮ್ಮ ಬೀದಿಯ ತಿರುವಿನಲ್ಲಿ ಅವತ್ತು ಬೆಳಿಗ್ಗೆ ಕಟ್ಟಿದ್ದ ಫ್ಲೆಕ್ಸ್ ನೋಡಿ ಹಾಲಿನವನು ನಕ್ಕ, ಹೂವಿನವಳು ನಕ್ಕಳು, ಶಾಲೆಗೆ ಹೊರಟ ಮಕ್ಕಳಂತೂ ನಿಂತು ನಕ್ಕವು. ಸ್ಟುಡಿಯೊ ಬೀಗ ತೆಗೆಯಲು ಬಂದ ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಹೂವಿನ ಹಾರ, ಎರಡೂ ಕಡೆ ಉರಿಯುವ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ದಪ್ಪಕ್ಷರದಲ್ಲಿ ‘ಮುದಕಪ್ಪ’. ಹಾರದ ನಡುವೆ ನಾಲಿಗೆ ಚಾಚಿಕೊಂಡು ಕೂತಿದ್ದದ್ದು ಒಂದು ಕಂದು ನಾಯಿ.

ಆ ನಾಯಿಯ ಹೆಸರು ಸಾವಕಾರ. ಮುದಕಪ್ಪ ಅದನ್ನು ಸಾಕಿದವನು. ಹಿಂದಿನ ದಿನ ಪೀಣ್ಯದಲ್ಲಿ, ತಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸತ್ತಿದ್ದು ಅವನು. ನಾಯಿ ಗಟ್ಟಿಮುಟ್ಟಾಗಿ ನನ್ನ ಅಂಗಡಿ ಮೆಟ್ಟಿಲ ಮೇಲೆ ಮಲಗಿತ್ತು.

ಆಗಿದ್ದಿಷ್ಟು. ಜೊತೆ ಕೆಲಸದವರು ಆಸ್ಪತ್ರೆಯಲ್ಲಿ ಓಡಾಡಿಕೊಂಡಿದ್ದರು. ಅವರಲ್ಲೊಬ್ಬ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ ಹೆಸರು ಬರೆದು, ಮುದಕಪ್ಪನ ನಂಬರು ಕಳಿಸಿ, ಫೋಟೊ ಡಿಪಿಯಲ್ಲಿದೆ, ಅದನ್ನೇ ಹಾಕಿಬಿಡಿ ಎಂದ. ತೀರಿಕೊಂಡವನ ಡಿಪಿಯನ್ನು ಅವನು ನೋಡಿಯೇ ಇರಲಿಲ್ಲ. ಫ್ಲೆಕ್ಸಿನವನು ನೋಡಿದ, ನಾಯಿ ಕಂಡಿತು. ನಮ್ಮ ಕಡೆ ಈಗ ಸಾಕಿದ ನಾಯಿ ಸತ್ತರೂ ಫ್ಲೆಕ್ಸ್ ಕಟ್ಟಿಸುತ್ತಾರೆ. ಹೋದ ತಿಂಗಳಷ್ಟೇ ಬಾಡಿಗೆ ಮನೆಗಳ ಮಾಲೀಕರೊಬ್ಬರ ಲ್ಯಾಬ್ರಡಾರಿಗೆ ಇದಕ್ಕಿಂತ ದೊಡ್ಡದನ್ನು ಅವನೇ ಮಾಡಿಕೊಟ್ಟಿದ್ದ. ಹಾಗಾಗಿ ಮುದಕಪ್ಪ ಎನ್ನುವುದು ನಾಯಿಯದೇ ಹೆಸರು ಅಂದುಕೊಂಡ. ಅಷ್ಟಕ್ಕೇ ಬಿಡಲಿಲ್ಲ, ತನ್ನದೂ ಒಂದಿರಲಿ ಎಂದು ಕೊನೆಯಲ್ಲಿ ‘ಮತ್ತೆ ಹುಟ್ಟಿ ಬಾ ಮುದ್ದು ಕಂದ’ ಅಂತ ಸೇರಿಸಿದ್ದ. ಕತ್ತಲಲ್ಲಿ ಬಂದು ಕಟ್ಟಿ ಹೋದವರು ತಲೆ ಎತ್ತಿ ನೋಡಿರಲಿಲ್ಲ.

ನಾನೇ ಏಣಿ ತಂದು ಅದನ್ನು ಬಿಚ್ಚುತ್ತಿದ್ದೆ. ಆ ಹೊತ್ತಿಗೇ ಒಂದು ಆಟೊ ಬಂದು ತಿರುವಿನಲ್ಲಿ ನಿಧಾನ ಮಾಡಿತು. ಒಳಗೆ ತಲೆ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು, ಪಕ್ಕದಲ್ಲಿ ಒಬ್ಬ ಗಂಡಸು. ಹೆಂಗಸು ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಅವಳು ಮುದಕಪ್ಪನ ಹೆಂಡತಿ ಎಂದು ಯಾರೂ ಹೇಳಬೇಕಿರಲಿಲ್ಲ. ಆ ಗಳಿಗೆಯಲ್ಲಿ ಫ್ಲೆಕ್ಸಿನವನು ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮುದಕಪ್ಪ ಮುದ್ದೇಬಿಹಾಳದ ಕಡೆಯವನು. ಕಬ್ಬಿಣದ ಸಾಮಾನಿಗೆ ಪುಡಿ ಬಣ್ಣ ಹೊಡೆದು ಒಲೆಯಲ್ಲಿ ಬೇಯಿಸುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಇರುವುದು ಗೋಪಾಲಪ್ಪನವರ ವಠಾರದಲ್ಲಿ, ಒಂಟಿ ರೂಮು. ಒಂದು ಮಳೆಗಾಲದಲ್ಲಿ ಕಾರ್ಖಾನೆಯ ಗುಜರಿ ರಾಶಿಯ ಕೆಳಗೆ ಸಿಕ್ಕಿದ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಸಾವಕಾರ ಎಂದೇಕೆ ಹೆಸರಿಟ್ಟೆ ಅಂತ ಕೇಳಿದರೆ, ಹುಟ್ಟಿದಾಗಿನಿಂದ ಸಾವಕಾರರು ಹೇಳಿದಂತೆ ಕೇಳಿದ್ದಾಯಿತು, ಒಬ್ಬ ಸಾವಕಾರನಾದರೂ ನಾನು ಹೇಳಿದಂತೆ ಕೇಳಲಿ ಎನ್ನುತ್ತಿದ್ದ. ಅದು ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಭಾನುವಾರ ಬಂತೆಂದರೆ ಇಬ್ಬರ ಸವಾರಿ ಹೊರಡುತ್ತಿತ್ತು. ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲ, ಮೆಟ್ರೊದಲ್ಲಿ ಗೇಟಿನಲ್ಲೇ ತಡೆಯುತ್ತಾರೆ, ಆಟೊದವರು ಸೀಟು ಹಾಳಾಗುತ್ತದೆ ಎನ್ನುತ್ತಾರೆ. ಕಾಲು ನಡೆಸಿದಷ್ಟು ದೂರವೇ ಅವರ ದೇಶಾಟನೆ. ಜಾಲಹಳ್ಳಿ ಕ್ರಾಸು, ಎಂಟನೇ ಮೈಲಿ, ಗೊರಗುಂಟೆಪಾಳ್ಯದ ಸೇತುವೆ ಕೆಳಗೆ, ನೊರೆ ತುಂಬಿದ ಕೆರೆಯ ಏರಿ. ಸಂಜೆ ಊಟಿಗೆ ಹೋಗಿ ಬಂದವನಂತೆ ಬೀಗುತ್ತಾ ನನ್ನ ಸ್ಟುಡಿಯೊಗೆ ಬಂದು ಫೋನು ಮುಂದೆ ಹಿಡಿಯುತ್ತಿದ್ದ. ಅವತ್ತಿನದರಲ್ಲಿ ಒಂದನ್ನು ಆರಿಸಿ ಪ್ರಿಂಟ್ ಹಾಕಿಸಿಕೊಳ್ಳುತ್ತಿದ್ದ. ಫೋಟೊ ಪ್ರಿಂಟ್ ಹಾಕಿಸುವವರೇ ಇಲ್ಲದ ಈ ಕಾಲದಲ್ಲಿ ನನಗೆ ಖಾಯಂ ಗಿರಾಕಿ ಎಂದರೆ ಒಂದು ನಾಯಿ.

ಮೊದಮೊದಲು ತೆಗೆದುಕೊಂಡು ಬರುತ್ತಿದ್ದ ಫೋಟೊಗಳನ್ನು ನೋಡಿದರೆ ತಲೆ ಕೆಡುತ್ತಿತ್ತು. ಒಂದರಲ್ಲಿ ಕಿವಿ ಇಲ್ಲ, ಇನ್ನೊಂದರಲ್ಲಿ ಬಾಲ ಮಾತ್ರ. ನಿಂತುಕೊಂಡು ತೆಗೆದರೆ ನಾಯಿ ಹಲ್ಲಿ ಥರ ಕಾಣುತ್ತೆ, ಅದರ ಕಣ್ಣಿನ ಮಟ್ಟಕ್ಕೆ ಕೂತು ತೆಗಿ ಮಾರಾಯ ಎಂದು ರೇಗಿದ್ದೆ. ಆಮೇಲಿಂದ ಅವನ ಎರಡೂ ಮಂಡಿ ಮಣ್ಣಾಗಿರುತ್ತಿದ್ದವು, ಫೋಟೊಗಳು ಸಕ್ಕತ್ತಾಗಿ ಬರುತ್ತಿದ್ದವು. ಮೆಟ್ರೊ ಕಂಬದ ನೆರಳಿನಲ್ಲಿ ಸಾವಕಾರ, ಕಬ್ಬಿಣದ ಸುರುಳಿ ಹೇರಿದ ಲಾರಿಯ ಚಕ್ರದ ಪಕ್ಕ ಸಾವಕಾರ, ಆಯುಧಪೂಜೆಯ ದಿನ ಮಿಷನ್ನುಗಳ ಸಾಲಿನಲ್ಲಿ ಹಣೆಗೆ ಕುಂಕುಮ ಹಚ್ಚಿಸಿಕೊಂಡು ಕೂತ ಸಾವಕಾರ. ಒಮ್ಮೆ ಯಾರೋ ಲಾರಿ ಡ್ರೈವರು ಇಬ್ಬರನ್ನೂ ಅತ್ತಿಬೆಲೆಯ ಗಡಿಯವರೆಗೆ ಕರೆದೊಯ್ದಿದ್ದ. ಅವತ್ತಿನ ಫೋಟೊದಲ್ಲಿ ಸಾವಕಾರನ ಮುಂಗಾಲು ತಮಿಳುನಾಡಿನಲ್ಲಿ, ಹಿಂಗಾಲು ನಮ್ಮಲ್ಲಿ. ಅದನ್ನು ತೋರಿಸುವಾಗ ಮುದಕಪ್ಪ ನಕ್ಕ ನಗೆಗೆ ಪಕ್ಕದ ಟೈಲರ್ ಅಂಗಡಿಯವನು ಏನಾಯಿತೆಂದು ಎದ್ದು ಬಂದಿದ್ದ.

ಒಂದು ಸಲ ಇಬ್ಬರನ್ನೂ ಕೂರಿಸಿ ನಾನೇ ತೆಗೆಯುತ್ತೇನೆ ಎಂದೆ. ಮುಖ ತೋರಿಸಲು ಒಪ್ಪಲಿಲ್ಲ. “ನಂದೇನ ನೋಡೂದೈತ್ರೀ ಅಣ್ಣಾರ ಮಾರಿ, ಬಿಡ್ರಿ” ಅಂದ. ನಾಯಿಯನ್ನಷ್ಟೇ ಕೂರಿಸಿ ತೆಗೆದೆ. ಫ್ಲ್ಯಾಷಿಗೆ ಅದು ಸೀನಿತು, ಅದಕ್ಕೆ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಾತು ಅಲ್ಲಿಗೇ ಹೋಯಿತು.

ಇಷ್ಟೆಲ್ಲ ಗೊತ್ತಿದ್ದ ನನಗೆ ಆ ದಿನ ಅವನ ಹೆಂಡತಿಯ ಮುಖ ನೋಡುವ ಧೈರ್ಯ ಇರಲಿಲ್ಲ. ಆದರೆ ಅವಳೇ ಬಂದಳು. ಹೆಸರು ದಾನೇಶ್ವರಿ. ಜೊತೆಗಿದ್ದವನು ಅವಳ ತಮ್ಮ ಈಶಪ್ಪ. ಗೋಪಾಲಪ್ಪನವರ ವಠಾರಕ್ಕೆ ಹೋಗಿ ಗಂಡನ ಬಟ್ಟೆಬರೆ ಒಂದು ಚೀಲಕ್ಕೆ ತುಂಬಿಕೊಂಡು ಬಂದಿದ್ದಳು. ಆ ಚೀಲದ ವಾಸನೆ ಹಿಡಿದು ಸಾವಕಾರ ಹಿಂದೆಯೇ ಬಂತು. ಅವಳು ಅದನ್ನು ಹೊಡೆಯಲಿಲ್ಲ, ಹಚಾ ಎನ್ನಲಿಲ್ಲ, ಅದರ ಕಡೆ ನೋಡಲೂ ಇಲ್ಲ.

ಹೆಣ ಮಧ್ಯಾಹ್ನ ಸಿಗುತ್ತದೆ, ಆಂಬುಲೆನ್ಸಿನಲ್ಲಿ ನೇರ ಊರಿಗೆ ಎಂದು ಈಶಪ್ಪ ಹೇಳಿದ. ಗಾಡಿಯ ಮುಂದೆ ಹಾರ ಹಾಕಿ ಕಟ್ಟುವುದಕ್ಕೆ, ಆಮೇಲೆ ದಿವಸದ ಪೂಜೆಗೆ, ಒಂದು ಫೋಟೊ ಬೇಕಿತ್ತು. ಮನೆಯಲ್ಲಿರುವುದು ಮದುವೆಯದು ಒಂದೇ, ಅದರಲ್ಲಿ ಬಾಸಿಂಗ ಮುಖವನ್ನೇ ಮುಚ್ಚಿದೆಯಂತೆ. ಕಾರ್ಖಾನೆಯವರೆಲ್ಲ, ಮುದಕಪ್ಪನ ಫೋನಿನ ತುಂಬ ಫೋಟೊ ಇವೆ, ಸ್ಟುಡಿಯೊ ರಾಜೇಂದ್ರಣ್ಣನ ಹತ್ತಿರ ಹೋಗಿ ಎಂದು ನನ್ನಲ್ಲಿಗೆ ಕಳಿಸಿದ್ದರು. ಅಷ್ಟು ಫೋಟೊ ತೆಗೆಯುವವನದು ತನ್ನದೇ ಒಂದು ಇರುವುದಿಲ್ಲವೇ ಎಂಬುದು ಎಲ್ಲರ ಲೆಕ್ಕ.

“ಅವರ ಮಾರಿ ಛಂದಂಗ ಕಾಣೂದು ಒಂದ ಫೋಟೊ ಕೊಡ್ರೀ ಅಣ್ಣಾರ” ಎಂದು ದಾನೇಶ್ವರಿ ಕೇಳಿದಳು. “ಓಣ್ಯಾಗ ಕಟ್ಟಿದ್ದು ನೋಡೀನಿ. ಊರಾಗ ಹಂಗಾಗಬಾರದು.”

ಅವಳು ಚೀಲದಿಂದ ತೆಗೆದುಕೊಟ್ಟ ಗಂಡನ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಇಲ್ಲವೆಂದು ನನಗೆ ಗೊತ್ತಿದ್ದರೂ ಎಲ್ಲಾದರೂ ಒಂದು ಇರಬಹುದೇನೋ ಎಂಬ ಆಸೆ. ದೊಡ್ಡ ಪರದೆಯ ಮೇಲೆ ಒಂದಾದ ಮೇಲೊಂದು ಬಂದವು. ಕೆರೆ ಏರಿ, ಸೇತುವೆ, ಲಾರಿ, ಗುಡಿಯ ಮೆಟ್ಟಿಲು, ಎಳನೀರಿನ ಗಾಡಿ, ರೈಲು ಹಳಿಯ ಪಕ್ಕದ ಹುಲ್ಲು. ಎಲ್ಲದರಲ್ಲೂ ಸಾವಕಾರ, ಎಲ್ಲದರಲ್ಲೂ ಕಣ್ಣು ಫೋನು ಹಿಡಿದವನ ಮೇಲೆ. ಅಕ್ಕಪಕ್ಕದಲ್ಲಿ ಹಗ್ಗ ಹಿಡಿದ ಕೈ, ಚಪ್ಪಲಿಯ ತುದಿ, ಸಂಜೆಯದಾದರೆ ಉದ್ದನೆಯ ಒಂದು ನೆರಳು. ಮುಖ ಒಂದರಲ್ಲೂ ಇಲ್ಲ.

ದಾನೇಶ್ವರಿ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ನಾನು ಬೇಗ ಬೇಗ ಸರಿಸತೊಡಗಿದರೆ ನಿಧಾನ ಮಾಡಲು ಹೇಳಿದಳು. ಒಂದರಲ್ಲಿ ಕೈಯನ್ನು ಬೆರಳಿಂದ ತೋರಿಸಿ ಈ ಸುಟ್ಟ ಕಲೆ ಯಾವಾಗಿನದು ಎಂದು ಕೇಳಿದಳು. ಬೇಸಿಗೆಯಲ್ಲಿ ಒಲೆಯ ಬಾಗಿಲು ತಾಗಿದ್ದು ಎಂದೆ. ಅವನು ಅವಳಿಗೆ ಹೇಳಿರಲಿಲ್ಲ. ಪ್ರತಿಯೊಂದು ಫೋಟೊ ಯಾವ ವಾರದ್ದು ಎಂದು ಕೇಳುತ್ತಾ ಹೋದಳು. ನಾನು ಪರದೆಯ ಮೂಲೆಯಲ್ಲಿದ್ದ ತಾರೀಖು, ವಾರ ಓದಿ ಹೇಳುತ್ತಾ ಹೋದೆ. ಭಾನುವಾರ, ಭಾನುವಾರ, ಭಾನುವಾರ. ಅವಳು ಯಾಕೆ ಕೇಳುತ್ತಿದ್ದಾಳೆ ಎಂದು ಹೊಳೆಯುವಷ್ಟರಲ್ಲಿ ತಡವಾಗಿತ್ತು.

“ಐತಾರ ಫೋನ್ ಹಚ್ಚಿದ್ರ ಡ್ಯೂಟಿ ಐತಿ ಅಂತಿದ್ರು” ಎಂದಳು. “ನಾ ಎರಡ ಸಲ ಬಂದೀನ್ರಿ ಇಲ್ಲಿಗೆ. ಬಸ್‌ಸ್ಟ್ಯಾಂಡಿಂದ ಖೋಲಿ, ಖೋಲಿಯಿಂದ ಬಸ್‌ಸ್ಟ್ಯಾಂಡು. ಇಲ್ಲೊಂದು ಕೆರಿ ಐತಿ ಅನ್ನೂದೂ ನನಗ ಗೊತ್ತಿಲ್ಲ.”

ಈಶಪ್ಪ ತಲೆ ತಗ್ಗಿಸಿದ. ರೂಮಿನ ಗೋಡೆಯ ತುಂಬ ಇದೇ ನಾಯಿಯ ಫೋಟೊ ಅಂಟಿಸಿದ್ದಾರೆ, ಅಕ್ಕನದಾಗಲಿ ಮಗಳದಾಗಲಿ ಒಂದೂ ಇಲ್ಲ ಎಂದು ಮೆಲ್ಲಗೆ ನನ್ನ ಕಿವಿಗೆ ಹಾಕಿದ. ನನಗೆ ಮುದಕಪ್ಪನ ಮೇಲೆ ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು! ಒಂಟಿಯಾಗಿದ್ದವನು, ನಾಯಿ ಜೊತೆ ಹೊತ್ತು ಕಳೆಯುತ್ತಿದ್ದ, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಆ ಹೆಂಗಸು ಊರಿನಲ್ಲಿ ಯಾರ ಜೊತೆ ಹೊತ್ತು ಕಳೆಯುತ್ತಿದ್ದಳು ಎಂಬುದಕ್ಕೆ ನಾನೇ ಉತ್ತರ ಕೊಡಬೇಕಾಗುತ್ತಿತ್ತು. ಮತ್ತೆ ಫೋಟೊ ಸರಿಸತೊಡಗಿದೆ.

ಕೆರೆ ಏರಿಯ ಒಂದು ಫೋಟೊದಲ್ಲಿ ನೆರಳು ಸ್ಪಷ್ಟವಾಗಿತ್ತು. ತಲೆ, ಭುಜ, ಮಂಡಿಯೂರಿದ ಭಂಗಿ. ಅದನ್ನು ದೊಡ್ಡದು ಮಾಡಿ ತೋರಿಸಿದೆ.

“ನೆರಳಿಗೆ ಮಾಲಿ ಹಾಕಾಕ ಬರ್ತೈತೇನ್ರೀ?” ಎಂದು ಕೇಳಿದಳು. ನಾನು ಫೋನನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ.

ಉಳಿದದ್ದು ಆಧಾರ್ ಕಾರ್ಡು. ಅದರಲ್ಲಿ ದೇಶದ ಯಾವ ಮನುಷ್ಯನೂ ಮನುಷ್ಯನಂತೆ ಕಾಣುವುದಿಲ್ಲ. ಮುದಕಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತುಟಿ ಬಿಗಿದು, ಕಣ್ಣು ಅಗಲಿಸಿ ನಿಂತಿದ್ದ. ಸ್ಕ್ಯಾನ್ ಮಾಡಿದೆ. ಹಿಂದಿನ ಬೂದು ಬಣ್ಣ ಒರೆಸಿ ತಿಳಿನೀಲಿ ತುಂಬಿದೆ. ನಮ್ಮ ಕಸುಬಿನಲ್ಲಿ ಇಂಥ ಹೊತ್ತಿಗೆಂದೇ ತಲೆಯಿಲ್ಲದ ಕೋಟುಗಳು ಕಂಪ್ಯೂಟರಿನಲ್ಲಿ ಸಾಲಾಗಿ ಇರುತ್ತವೆ. ಹುಟ್ಟಿದ ಮೇಲೆ ಕೋಟು ಕಾಣದವರು ಸತ್ತ ಮೇಲೆ ನನ್ನಲ್ಲಿ ಕೋಟು ತೊಡುತ್ತಾರೆ. ಬೇಕೇ ಎಂದು ಕೇಳಿದೆ. ಬೇಡ, ಬಿಳಿ ಅಂಗಿ ಸಾಕು ಎಂದಳು. ಬಿಳಿ ಅಂಗಿ ಕೂರಿಸಿದೆ, ಮುಖದ ಕಲೆಗಳನ್ನು ತೆಗೆದೆ, ಹಣೆಗೆ ವಿಭೂತಿ ಎಳೆದೆ. ಇಷ್ಟೆಲ್ಲ ಮಾಡಿದರೂ ಅದು ನನಗೆ ಗೊತ್ತಿದ್ದ ಮುದಕಪ್ಪ ಆಗಲಿಲ್ಲ.

ನನಗೆ ಗೊತ್ತಿದ್ದವನು ಬಾಯಿ ತುಂಬ ನಗುತ್ತಿದ್ದ, ಅಂಗಡಿ ಕಿತ್ತುಹೋಗುವ ಹಾಗೆ ನಗುತ್ತಿದ್ದ ಎಂದು ಅವಳಿಗೆ ಹೇಳಿದೆ. ಸಮಾಧಾನವಾಗಲಿ ಎಂದು ಹೇಳಿದ್ದು. ದಾನೇಶ್ವರಿ ಪರದೆಯಿಂದ ಕಣ್ಣು ತೆಗೆದು ಮೊದಲ ಸಲ ನನ್ನನ್ನೇ ನೋಡಿದಳು. ಈಶಪ್ಪನಿಗೂ ನಂಬಿಕೆ ಬರಲಿಲ್ಲ. ಭಾವ ಊರಿಗೆ ಬಂದರೆ ಕಂಬಕ್ಕೆ ಒರಗಿ ಕೂತವರು ಹೊರಡುವವರೆಗೂ ನಾಲ್ಕು ಮಾತಾಡಿದವರಲ್ಲ, ಖರ್ಚಿನ ಚಿಂತೆ ಎಂದು ನಾವೂ ಸುಮ್ಮನಿರುತ್ತಿದ್ದೆವು ಎಂದ.

ಈಗಿನ ಸಾಫ್ಟ್‌ವೇರುಗಳಲ್ಲಿ ನಗು ತರುವುದು ದೊಡ್ಡ ಕೆಲಸವಲ್ಲ. ತುಟಿಯ ಎರಡು ಕೊನೆಗಳನ್ನು ಹಿಡಿದು ಒಂದಿಷ್ಟು ಮೇಲೆತ್ತಬೇಕು, ಕೆನ್ನೆಯನ್ನು ಚೂರು ಉಬ್ಬಿಸಬೇಕು, ಕಣ್ಣಿನ ಪಕ್ಕ ಎರಡು ಗೆರೆ. ಮಾಡಿದೆ. ಮುದಕಪ್ಪ ಬಂದುಬಿಟ್ಟ. ಅತ್ತಿಬೆಲೆಯ ಫೋಟೊ ತೋರಿಸಲು ಬಂದವನೇ ಎದುರಿಗೆ ಕೂತ ಹಾಗಿತ್ತು. ಈಶಪ್ಪ, ಛಲೋ ಆತ್ರಿ, ಜೀವ ಬಂದಂಗಾತು ಎಂದ. ನಾನು ಪ್ರಿಂಟರಿಗೆ ಹಾಳೆ ಹಾಕಲು ಎದ್ದೆ.

ದಾನೇಶ್ವರಿ ಆ ನಗುಮುಖವನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ.

“ನಗೂದು ತಗೀರಿ ಅಣ್ಣಾರ” ಎಂದಳು. “ಇವರನ್ನ ನಾ ಕಂಡಿಲ್ಲ. ಮನ್ಯಾಗ ತೂಗಹಾಕಿದ್ರ ಮಗಳು ಯಾರಂತ ಕೇಳತಾಳ.”

ನಾನು ತುಟಿಯನ್ನು ಮೊದಲಿದ್ದ ಹಾಗೆ ಕೆಳಗಿಳಿಸಿ ಪ್ರಿಂಟ್ ಕೊಟ್ಟೆ.