ಜಾರಿದ ಗಂಟು

ನಾನು ಹೊಲಿಗೆ ಹಾಕುವ ಇಕ್ಕಳ; ಆಸ್ಪತ್ರೆಯವರ ಬಾಯಲ್ಲಿ ನೀಡಲ್ ಹೋಲ್ಡರ್. ಉಕ್ಕನ್ನು ಕಾಯಿಸಿ, ಬಡಿದು, ಸೂಜಿ ಜಾರದಿರಲೆಂದು ನನ್ನ ಬಾಯೊಳಗೆ ಸಣ್ಣ ಗೀರುಗಳನ್ನು ಕೊರೆದರು. ನನ್ನನ್ನು ಮೊದಲು ಕೈಗೆತ್ತಿಕೊಂಡವರು ದನದ ಡಾಕ್ಟರ್ ಶಿವಯೋಗಿ. ಬಹಳ ಚುರುಕು ಕೈ. ದಾರವನ್ನು ನನ್ನ ಮೂತಿಗೆ ಸುತ್ತಿ ಎಳೆಯುವರು. ಮತ್ತೆ ಅದೇ ಕಡೆಗೆ ಸುತ್ತಿ ಎಳೆದರೆ ಗಂಟು ಮುಗಿಯಿತು. ನೋಡಿದವರು ಬೆರಗಾಗುತ್ತಿದ್ದರು. ನಾನೂ ಬೀಗುತ್ತಿದ್ದೆ.

ಒಮ್ಮೆ ನಮ್ಮೂರ ಗಂಗವ್ವನ ಎಮ್ಮೆಗೆ ಕರು ಅಡ್ಡವಾಯಿತು. ಹೊಟ್ಟೆ ಕೊಯ್ದು ಕರು ತೆಗೆದು ಹೊಲಿದೆವು. ಮೂರನೆಯ ದಿನ ಹೊಲಿಗೆ ಬಾಯಿಬಿಟ್ಟಿತು, ಎಮ್ಮೆ ಉಳಿಯಲಿಲ್ಲ. ದಾರ ಎಲ್ಲೂ ಹರಿದಿರಲಿಲ್ಲ, ಗಂಟೇ ಜಾರಿತ್ತು. ಡಾಕ್ಟರರು ಅದನ್ನು ಕಂಡರು. ಕಂಡೂ, ಎಮ್ಮೆಯನ್ನು ಸಡಿಲ ಕಟ್ಟಿ ಹೊರಳಾಡಲು ಬಿಟ್ಟದ್ದೇ ತಪ್ಪೆಂದು ಗಂಗವ್ವನಿಗೆ ಹೇಳಿದರು. ಆಕೆ ಬಾಯಿಗೆ ಸೆರಗಿಟ್ಟುಕೊಂಡು ತಲೆಯಾಡಿಸಿದಳು. ಅಷ್ಟು ದೊಡ್ಡ ಪ್ರಾಣಿಯ ಭಾರಕ್ಕೆ ಯಾವ ಗಂಟು ತಾನೆ ನಿಂತೀತು ಎಂದು ಅವರು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಎಂಟು ತಿಂಗಳ ಮೇಲೆ ತರಬೇತಿಗೆಂದು ಪಶುವೈದ್ಯ ಕಾಲೇಜಿಗೆ ಹೋದೆವು. ಅಲ್ಲಿನ ಸುಫಿಯಾ ಮೇಡಂ ಒಂದೇ ಬಗೆಯ ದಾರದಲ್ಲಿ ಎಲ್ಲರಿಂದ ಗಂಟು ಹಾಕಿಸಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆಸಿದರು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತಿ, ಮೇಲೆ ಇನ್ನೆರಡು ಸುತ್ತು ಬಿಗಿದ ಗಂಟುಗಳು ದಾರ ತುಂಡಾದರೂ ಬಿಚ್ಚಲಿಲ್ಲ. ನಮ್ಮದು ಮುಳ್ಳು ಎರಡು ಕಿಲೋ ಮುಟ್ಟುವ ಮೊದಲೇ ಜಾರಿತು. ಹತ್ತು ಸಲ ಕಟ್ಟಿದೆವು, ಎಂಟು ಸಲ ಜಾರಿತು. ಯಾರೂ ನಗಲಿಲ್ಲ. ಶಿವಯೋಗಿಯವರ ಬೆರಳು ನನ್ನ ಹಿಡಿಯೊಳಗೆ ಬೆವೆತಿತ್ತು. ನನಗಂತೂ ಬಾಯಿ ತೆರೆಯಲೂ ನಾಚಿಕೆ. ಆ ಗಂಟೆಲ್ಲ ಬಿದ್ದದ್ದು ನನ್ನ ಮೂತಿಯ ಮೇಲೆಯೇ.

ಊರಿಗೆ ಮರಳಿದವರು ಮನೆಗೂ ಹೋಗದೆ, ಚೀಲದೊಳಗಿದ್ದ ನನ್ನ ಸಮೇತ ಗಂಗವ್ವನ ಅಂಗಳಕ್ಕೆ ಹೋದರು.

"ತಪ್ಪು ನಂದು, ಗಂಗವ್ವ. ನಾ ಹಾಕಿದ ಗಂಟು ಜಾರಿತ್ತು. ಗೊತ್ತಿದ್ದೂ ನಿನ್ನ ಮ್ಯಾಲೆ ಹಾಕಿದೆ."

ಆಕೆ ಮೆಲ್ಲಗೆ ಅಂದಳು: "ನನ್ನ ಕೈಯಾರೆ ಅದನ್ನ ಕೊಂದೆ ಅಂತ ಮರಗಾಕತ್ತೀನ್ರಿ. ಮಗಳೂ ಹಂಗಽ ಅಂತಾಳ. ಆಕಿ ಬರ್ಲಿ, ಆಕಿ ಮುಂದೂ ಹೇಳಿ ಹೋಗ್ರಿ."

ಡಾಕ್ಟರರು ಕಟ್ಟೆಯ ಮೇಲೆ ಕೂತು ಕಾದರು. ಮಗಳು ಹೊಲದಿಂದ ಬಂದಾಗ ಎದ್ದು ನಿಂತು ಮತ್ತೊಮ್ಮೆ ಹೇಳಿದರು.

ಈಗ ನನ್ನ ಬಾಯಿಯ ಗೀರು ಸವೆದು ಸೂಜಿ ನಿಲ್ಲುವುದಿಲ್ಲ. ಅದೇ ಕಾಲೇಜಿನ ಮೇಜಿನ ಮೇಲೆ, ಸ್ಪಂಜಿಗೆ ಹೊಲಿಗೆ ಹಾಕಿ ಕಲಿಯುವವರಿಗೆ ನನ್ನನ್ನು ಕೊಟ್ಟಿದ್ದಾರೆ. ಸರಿಯಾದ ಗಂಟನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಕಲಿತುಬಿಡುತ್ತಾರೆ. ಆ ಅಂಗಳಕ್ಕೆ ಹೋಗುವುದಕ್ಕೆ ಮಾತ್ರ ನಮಗೆ ಎಂಟು ತಿಂಗಳು ಹಿಡಿಯಿತು.