ತಟ್ಟಬೇಡಿ, ಒಳಗೆ ಬನ್ನಿ

ನಾನು ಒಂದು ಬಾಗಿಲ ಫಲಕ. ಹುಬ್ಬಳ್ಳಿಯ ಒಬ್ಬ ಬಡಿಗನ ಕೈಯಲ್ಲಿ, ಮುರಿದ ತೊಟ್ಟಿಲಿನ ಹಲಗೆಯಿಂದ ಹುಟ್ಟಿದೆ. ಪೇಂಟರ್ ನನ್ನ ಒಂದು ಮುಖಕ್ಕೆ ‘ಮಾತುಕತೆ ನಡೆದಿದೆ, ಬಾಗಿಲು ತಟ್ಟಬೇಡಿ’ ಎಂದೂ ಇನ್ನೊಂದಕ್ಕೆ ‘ಒಳಗೆ ಬನ್ನಿ’ ಎಂದೂ ಬರೆದ. ನನಗೆ ಎರಡು ನಾಲಿಗೆ ಎಂದು ಆಡಿಕೊಳ್ಳಬೇಡಿ, ನನ್ನ ಕೆಲಸವೇ ಅದು.

ನನ್ನನ್ನು ತೂಗುಹಾಕಿದ್ದು ಆಪ್ತಸಮಾಲೋಚನೆ ಕಲಿಸುವ ಒಂದು ಕೇಂದ್ರದಲ್ಲಿ. ನೊಂದವರು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಿದ್ದರು, ಹೊರಬಂದು ಹಗುರಾಗಿ ಚಪ್ಪಲಿ ಮೆಟ್ಟುತ್ತಿದ್ದರು. ಹೊರಗೇ ತೂಗುವ ನನಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಏನೋ ಭಾರಿ ಬುದ್ಧಿಮಾತೇ ಇರಬೇಕು ಎಂದುಕೊಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಕಲಿಯಲು ಬಂದವರಲ್ಲಿ ಮಹಾನಂದಾ ಎಂಬವಳು ನನ್ನನ್ನು ತಿರುಗಿಸಲು ಸದಾ ಮರೆಯುತ್ತಿದ್ದಳು. ಒಳಗೆ ಮಾತುಕತೆ ನಡೆದಿರುವಾಗಲೇ ನಾನು ದಾರಿಹೋಕರನ್ನೆಲ್ಲ ‘ಒಳಗೆ ಬನ್ನಿ’ ಎಂದು ಕರೆಯುತ್ತಿದ್ದೆ. ಅವಳ ಗುರು ದೇಸಾಯಿ ಮೇಡಂ ಬಂದು ಸದ್ದಿಲ್ಲದೆ ತಿರುಗಿಸಿ ಹೋಗುತ್ತಿದ್ದರು. ಒಂದು ದಿನವೂ ಬೈದವರಲ್ಲ.

ಒಂದು ಬೆಳಿಗ್ಗೆ ಕೇಂದ್ರ ನಡೆಸುವ ಟ್ರಸ್ಟಿನವರು ಬಂದು, ಯಾರಿಗೂ ಹೇಳದೆ ಕೇಳದೆ, ನನ್ನ ಪಕ್ಕದಲ್ಲೇ ದಪ್ಪ ಬೀಗ ಜಡಿದರು. ನನಗೆ ಸಿಡಿಲು ಬಡಿದಂತಾಯಿತು. ತರಬೇತಿ ಅರ್ಧಕ್ಕೇ ನಿಂತಿತು. ಕಲಿಯುವವರು ಮೆಟ್ಟಿಲ ಮೇಲೆ ಕುಸಿದರು. ದೇಸಾಯಿ ಮೇಡಂ ಬೀಗವನ್ನು ಜಗ್ಗಿ ನೋಡಿದರು, ಮತ್ತೆ ಜಗ್ಗಿದರು. ಅವರಿಗೂ ಗೊತ್ತಿರಲಿಲ್ಲ! ಆಮೇಲೆ ನನ್ನನ್ನು ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡರು.

ಮರುದಿನ ಮೇಡಂ ತಮ್ಮ ತಂಗಿಯ ಹೊಲಿಗೆ ಕ್ಲಾಸಿನ ಹಿಂದಿನ ಕೋಣೆಗೆ ಕಲಿಯುವವರನ್ನು ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡರು. ಆ ಬಾಗಿಲಿಗೆ ಮೊಳೆ ಇರಲಿಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಸಲ ನಾನು ಒಳಗೆ, ಕಿಟಕಿಯ ಕಟ್ಟೆಯ ಮೇಲೆ ಕೂತೆ.

ಈ ಕೆಲಸವೇ ಬೇಡ, ಬಿಡುತ್ತೇನೆ ಎಂದಳು ಮಹಾನಂದಾ. “ನನ್ನ ಕಡೆ ಮಾತಾಡಾಕ ಬರ್ತಿದ್ರಲ್ಲ, ಆ ಅಕ್ಕಾರು ಇಷ್ಟ್ ದಿನ ಸುಮ್ಮನ ಕೂತು ಹೋಗ್ತಿದ್ರು. ಹೋದ ಗುರುವಾರ ಬಾಯಿ ಬಿಟ್ರು. ಮುಂದಿನ ವಾರ ಇಲ್ಲೇ ಇರ್ತೀನ್ರಿ ಅಂತ ಮಾತು ಕೊಟ್ಟೀನಿ. ಈಗ ಬೀಗ ನೋಡಿ ಹೊಳ್ಳಿ ಹೋಗ್ತಾರ. ಮತ್ತ ಯಾರ ಮುಂದೂ ಹೇಳಂಗಿಲ್ಲ.”

ಆ ಹೆಂಗಸಿನ ಫೋನ್ ನಂಬರ್ ಬೀಗ ಬಿದ್ದ ಕೇಂದ್ರದೊಳಗೇ ಉಳಿದಿತ್ತು. ಹುಡುಕಿಕೊಂಡು ಆಕೆಯ ಮನೆಗೆ ಹೋದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ.

ಈಗ ಬರುತ್ತದೆ ಬುದ್ಧಿಮಾತು ಎಂದು ನಾನು ಕಿವಿ ನೆಟ್ಟಗೆ ಮಾಡಿದೆ. ಮೇಡಂ ಏನೂ ಹೇಳಲಿಲ್ಲ. ಅವಳು ಅತ್ತಳು, ಹೇಳಿದ್ದನ್ನೇ ಹೇಳಿದಳು, ಮತ್ತೆ ಅತ್ತಳು. ಮೇಡಂ ಕೇಳುತ್ತಲೇ ಕೂತರು. ನಾನು ದಂಗಾದೆ. ಇಷ್ಟು ವರ್ಷ ನಾನು ಬಾಗಿಲಲ್ಲಿ ನಿಂತು ಕಾದದ್ದು ಇದನ್ನೇ?

ಅಳು ಇಳಿದ ಮೇಲೆ ಮೇಡಂ, “ಗುರುವಾರ ಬೀಗದ ಮುಂದ ನಿಂದ್ರೂಣು. ನಾನೂ ಬರ್ತೀನಿ,” ಎಂದರು.

ಗುರುವಾರ ಆ ಹೆಂಗಸು ಬಂದಳು. ದೂರದಿಂದಲೇ ಬೀಗ ಕಂಡು ಬೆಚ್ಚಿ, ತಿರುಗಿ ಹೊರಟೇಬಿಟ್ಟಳು. ಬೀದಿಯಲ್ಲಿ ಹೆಸರು ಹಿಡಿದು ಕೂಗುವಂತಿಲ್ಲ. ಮಹಾನಂದಾ ಮೇಡಂ ಚೀಲದಲ್ಲಿದ್ದ ನನ್ನನ್ನು ಎಳೆದು ಹಿಡಿದು ಓಡಿದಳು. ಈ ಸಲ ಯಾವ ಮುಖವೆಂದು ನೋಡಿಕೊಂಡೇ ಆಕೆಯ ಮುಂದೆ ಎತ್ತಿ ಹಿಡಿದಳು.

‘ಒಳಗೆ ಬನ್ನಿ.’

ಆಕೆ ನನ್ನನ್ನು ನೋಡಿದಳು, ಬೀಗವನ್ನು ನೋಡಿದಳು. “ಒಳಗ ಅಂದ್ರ ಎಲ್ಲಿಗೆ?”

“ಹೊಲಿಗಿ ಕ್ಲಾಸಿಗ್ರಿ,” ಎಂದಳು ಮಹಾನಂದಾ ಏದುಸಿರು ಬಿಡುತ್ತ. ಆಕೆ ನಕ್ಕಳು. ಹಿಂದೆಯೇ ಬಂದಳು.

ಉಳಿದ ತರಬೇತಿ ಆ ಕೋಣೆಯಲ್ಲೇ ಮುಗಿಯಿತು. ಈಗ ನನಗೆ ವಯಸ್ಸಾಗಿದೆ, ಅಕ್ಷರ ಮಾಸಿವೆ. ಅದೇ ಬಾಗಿಲಿಗೆ ಮೊಳೆ ಹೊಡೆದಿದ್ದಾರೆ, ಮತ್ತೆ ಹೊರಗಿದ್ದೇನೆ. ಎಲ್ಲಾದರೂ ಬೀಗ ಜಡಿಯುವ ಸದ್ದು ಕೇಳಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಹೊಸದಾಗಿ ಕಲಿಯುವವರು ನನ್ನನ್ನು ತಿರುಗಿಸಲು ಮರೆಯುತ್ತಾರೆ. ಆಗ ಅವರ ಗುರು ಮಹಾನಂದಾ ಮೇಡಂ ಬಂದು, ಸದ್ದಿಲ್ಲದೆ ತಿರುಗಿಸಿ ಹೋಗುತ್ತಾರೆ.